ಮಗನ್ನ ಸ್ಕೂಲ್ ಬಿಡಿಸಿ ಮನೇಲೇ ಓದಿಸೋಣ ಅಂತಿದೀನಿ, ಟೆಕ್ಸಾಸಲ್ಲಿ ಯಾರಾದ್ರೂ ಮಾಡಿದೀರಾ?

ಡಲ್ಲಾಸ್_ಅಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ, ಹೋದ್ ಬೇಸಿಗೇಲಿ ಊರಿಗೆ ಹೋದಾಗ ಉಪನಯನ ಆಯ್ತು. ವಾಪಸ್ ಬಂದ್ಮೇಲೆ ಒಂದ್ ತಿಂಗ್ಳು ಚೆನ್ನಾಗೇ ಸಂಧ್ಯಾವಂದನೆ ಮಾಡ್ತಿದ್ದ, ಈಗ ಬೆಳಗ್ಗೆ ಆರೂವರೆಗೆ ಎದ್ದು ಬಸ್ ಹಿಡಿಯೋದ್ರಲ್ಲೇ ಎಲ್ಲಾ ಮುಗ್ದೋಗುತ್ತೆ. ಮೊನ್ನೆ ಬಸ್ ತಪ್ಪಿ ನಾನೇ ಬಿಡಕ್ಕೆ ಹೋದೆ, ಸ್ಕೂಲ್ ಗೇಟ್ ಬರ್ತಿದ್ದ ಹಾಗೇ ಹಣೇಲಿದ್ದ ಗಂಧಾನ ಜಾಕೆಟ್ ತೋಳಿಂದ ಒರೆಸ್ಕೊಂಡ, ಕನ್ನಡೀಲಿ ನೋಡ್ದೆ, ಹೊಟ್ಟೇಲಿ ಏನೋ ಆಯ್ತು. ಪಕ್ಕದ್ಮನೆಯವ್ರು ಚರ್ಚಿಗೆ ಹೋಗೋವ್ರು, ನಾಲ್ಕು ಮಕ್ಳನ್ನೂ ಮನೇಲೇ ಓದಿಸ್ತಾರೆ, ಬೈಬಲ್ ಪಾಠದಿಂದಾನೇ ದಿನ ಶುರು. ನಾವ್ಯಾಕೆ ಹಾಗೆ ಮಾಡ್ಬಾರ್ದು ಅನ್ಸುತ್ತೆ. ನಾನು ಎಚ್4 ವೀಸಾದಲ್ಲಿ (ಯಜಮಾನ್ರ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋದು) ಮನೇಲೇ ಇರೋದು. ಯಜಮಾನ್ರು "ತಲೆ ಕೆಟ್ಟಿದ್ಯಾ" ಅಂತಾರೆ.

ಹ್ಯೂಸ್ಟನ್_ಹುಡುಗ:
ಕಾನೂನಿನ ಚಿಂತೆ ಬಿಡಿ, ಅಮೆರಿಕದಲ್ಲಿ ಇದಕ್ಕೆ ಅತೀ ಸಲೀಸಾದ ರಾಜ್ಯಗಳಲ್ಲಿ ಟೆಕ್ಸಾಸೂ ಒಂದು. 1994ರಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟು ಲೀಪರ್ ಕೇಸಲ್ಲಿ ಹೋಮ್ ಸ್ಕೂಲ್ ಅಂದ್ರೂ ಒಂದು ಖಾಸಗಿ ಸ್ಕೂಲೇ ಅಂತ ಹೇಳ್ಬಿಟ್ಟಿದೆ. ಓದು, ಸ್ಪೆಲ್ಲಿಂಗು, ಗ್ರಾಮರ್, ಲೆಕ್ಕ, ಪೌರನೀತಿ ಇಷ್ಟು ಹೇಳ್ಕೊಡ್ಬೇಕು ಅಷ್ಟೆ, ರಿಜಿಸ್ಟ್ರೇಷನ್ ಇಲ್ಲ, ಪರೀಕ್ಷೆ ಇಲ್ಲ. ಸರ್ಕಾರಿ ಸ್ಕೂಲಿಂದ ಬಿಡಿಸೋವಾಗ ಮಾತ್ರ ಲೆಟರ್ ಕೊಟ್ಟು ಬಿಡ್ಸಿ, ಸುಮ್ನೆ ಕಳ್ಸೋದು ನಿಲ್ಲಿಸ್ಬೇಡಿ, ಗೈರುಹಾಜರಿ ಅಂತ ನೋಟೀಸ್ ಬರುತ್ತೆ. 1972ರ ಆಮಿಶ್ ಜನರ (ಹಳೇ ಕಾಲದ ಥರ ಬದುಕೋ ಒಂದು ಕ್ರಿಶ್ಚಿಯನ್ ಪಂಗಡ) ಯೋಡರ್ ಕೇಸ್ ಇದ್ಯಲ್ಲ ಧರ್ಮಕ್ಕೋಸ್ಕರ ಸ್ಕೂಲ್ ಬಿಡಿಸ್ಬೋದು ಅಂತ, ಅದನ್ನ ಎಲ್ರೂ ಎತ್ತಾಡ್ತಾರೆ, ಆದ್ರೆ ಅದು ಎಂಟನೇ ಕ್ಲಾಸ್ ಮುಗ್ಸಿದ್ ಮಕ್ಳ ವಿಷ್ಯ, ನಿಮಗೆ ಸಂಬಂಧ ಇಲ್ಲ.

ಮಲ್ನಾಡ್_ಮಗಳು:
ನಾನು ಎರಡು ವರ್ಷ ಮಾಡಿದೀನಿ, ಈಗ ಬಿಟ್ಟಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಕಾನೂನು ಕಷ್ಟ ಅಲ್ಲ, ಕಷ್ಟ ಏನಂದ್ರೆ ಇಲ್ಲಿ ರೆಡಿ ಸಿಗೋ ವ್ಯವಸ್ಥೆ ಬಹುಪಾಲು ಕ್ರಿಶ್ಚಿಯನ್ನರು ನಲವತ್ತು ವರ್ಷ ಕೂತು ಕಟ್ಕೊಂಡಿರೋದು. ಕೋ-ಆಪ್ (ಮನೇಲಿ ಓದಿಸೋ ಕುಟುಂಬಗಳು ಸೇರಿ ಪಾಠ ಮಾಡೋ ಗುಂಪು) ಸೇರಕ್ಕೆ ಹೋದ್ರೆ "ಸ್ಟೇಟ್ಮೆಂಟ್ ಆಫ್ ಫೇಯ್ತ್" ಅಂತ ಒಂದ್ ಹಾಳೆ ಮುಂದಿಟ್ರು, ಏಸುವೇ ರಕ್ಷಕ ಅಂತ ಸೈನ್ ಹಾಕ್ಬೇಕು. ತುಂಬಾ ಒಳ್ಳೇ ಜನ, ಕುಕ್ಕೀಸ್ ಕೊಟ್ಟು ಕಳ್ಸಿದ್ರು, ಆದ್ರೆ ಸೇರಿಸ್ಕೊಳ್ಲಿಲ್ಲ. ಆಮೇಲೆ ಯಾರೋ ಸೆಕೆಂಡ್ ಹ್ಯಾಂಡ್ ಸೈನ್ಸ್ ಪುಸ್ತಕ ಕೊಟ್ರು, ಪುಕ್ಕಟೆ ಅಂತ ತಗೊಂಡೆ. ಒಂದಿನ ಸಾರನ್ನ ಕಲ್ಸ್ತಿದೀನಿ, ಮಗಳು ಕೇಳ್ತಾಳೆ, "ಅಮ್ಮಾ, ಪ್ರಳಯ ಬಂದಾಗ ಡೈನೋಸಾರ್ ಬೈಬಲ್ಲಿನ ನೋಹನ ಹಡಗಲ್ಲಿತ್ತಂತೆ, ಅದೂ ನಮ್ಮ ಮತ್ಸ್ಯಾವತಾರದ ದೋಣೀನೂ ಒಂದೇನಾ?" ಏನ್ ಹೇಳ್ಲಿ ನೀವೇ ಹೇಳಿ 😅

ಇನ್ನೊಂದು, ನಾನು ಬಿಟ್ಟಿದ್ದು ಅದಕ್ಕಲ್ಲ. ಮನೇಲಿ ನಾನೇ ಟೀಚರ್, ನಾನೇ ಅಮ್ಮ, ನಾನೇ ಗುರು. ಲೆಕ್ಕಕ್ಕೆ ಬೈದಿದ್ದು ದೇವ್ರ ಕೋಣೆಗೂ ಬರ್ತಿತ್ತು. ಬೆಳಗ್ಗೆ ಭಾಗಾಕಾರಕ್ಕೆ ಅಳಿಸಿರ್ತೀನಿ, ಸಂಜೆ ವಿಷ್ಣು ಸಹಸ್ರನಾಮಕ್ಕೆ ಕರೆದ್ರೆ ಮುಖ ಊದ್ಸ್ಕೊಂಡ್ ಕೂತಿರ್ತಾಳೆ. ಈಗ ಸ್ಕೂಲಿಗೆ ಹೋಗ್ತಾಳೆ, ಭಾನುವಾರ ಚಿನ್ಮಯ ಬಾಲವಿಹಾರ, ಸ್ತೋತ್ರ ತಾನಾಗೇ ಹೇಳ್ಕೋತಾಳೆ.

ಬರ್ಲಿನ್_ಭಟ್ಟ:
ನಿಮಗೆ ಆಯ್ಕೆ ಆದ್ರೂ ಇದೆ ಪುಣ್ಯವಂತ್ರು. ಇಲ್ಲಿ ಜರ್ಮನೀಲಿ ಹೋಮ್ ಸ್ಕೂಲ್ ಅಂದ್ರೆ ಕಾನೂನು ಬಾಹಿರ. ಒಂದ್ ಕ್ರಿಶ್ಚಿಯನ್ ಕುಟುಂಬ ಯುರೋಪಿನ ಮಾನವ ಹಕ್ಕು ಕೋರ್ಟಿಗೇ ಹೋಗಿತ್ತು, 2006ರಲ್ಲಿ ಅರ್ಜೀನೇ ತಳ್ಳಾಕಿದ್ರು, ಸ್ಕೂಲ್ ಮುಗಿದ್ಮೇಲೆ ಮತ್ತು ವಾರಾಂತ್ಯದಲ್ಲಿ ಧರ್ಮ ಹೇಳ್ಕೊಡಕ್ಕೆ ನಿಮ್ಮನ್ಯಾರು ತಡೆದ್ರು ಅನ್ನೋ ಥರ. ಮೊದ್ಲು ಸಿಟ್ಟು ಬಂದಿತ್ತು, ಈಗ ಯೋಚ್ನೆ ಮಾಡಿದ್ರೆ ನಮ್ಮಜ್ಜ ಮಾಡಿದ್ದೂ ಅದನ್ನೇ, ಸಂಜೆ ದೀಪ ಹಚ್ಚಿದ್ಮೇಲೆ ಬಾಯಿಪಾಠ, ಹಗಲು ಸರ್ಕಾರಿ ಶಾಲೆ.

ತುಂಗಾತೀರ:
@ಬರ್ಲಿನ್_ಭಟ್ಟ ಅಜ್ಜನ ಕಾಲದಲ್ಲಿ ಊರೇ ಆ ಥರ ಇತ್ತು ಮಾರಾಯ್ರೆ, ಡಲ್ಲಾಸಲ್ಲಿ ಆ ಊರು ಎಲ್ಲಿಂದ ತರ್ತೀರಿ? ನಾನು ಒಪ್ಪಲ್ಲ. ನಮ್ಮಣ್ಣನ ಮಗ ವೇದ ಪಾಠಶಾಲೇಲಿ ಓದಿ, ಹದಿನಾಲ್ಕು ತುಂಬಿದ್ಮೇಲೆ ಭಾರತ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸ್ ಕಟ್ಟಿ ಪಾಸಾದ, ಏನೂ ಹಾಳಾಗಿಲ್ಲ. ಆದ್ರೆ ಅಲ್ಲಿ ಜೊತೆಗೆ ಹುಡುಗ್ರಿದ್ರು, ಹೊಳೇಲಿ ಈಜು, ಜಗಳ ಎಲ್ಲಾ ಇತ್ತು. ಒಂದೇ ಹುಡುಗನ್ನ ಅಪಾರ್ಟ್ಮೆಂಟಲ್ಲಿ ಕೂರ್ಸಿ ಮಾಡೋದಾದ್ರೆ ಬೇಡ. ಇನ್ನೆರಡು ಮನೆ ಹುಡುಕಿ ಮೊದ್ಲು.

ಡಲ್ಲಾಸ್_ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ನೋಹನ ಹಡಗು ಓದಿ ಯಜಮಾನ್ರು ಇನ್ನೂ ನಗ್ತಿದಾರೆ. ನಿನ್ನೆ ರಾತ್ರಿ ಮಗನ್ನೇ ಕೇಳ್ದೆ ಗಂಧ ಯಾಕ್ ಒರೆಸ್ಕೊಂಡೆ ಯಾರಾದ್ರೂ ಆಡ್ಕೊಂಡ್ರಾ ಅಂತ, ಒಬ್ಬ ಕೇಳಿದ್ದ ಅಂತೆ, ಆದ್ರೆ ಅದಕ್ಕಲ್ವಂತೆ, ಪಿಇ ಕ್ಲಾಸಲ್ಲಿ ಬೆವರಿದ್ರೆ ಕಣ್ಣಿಗೆ ಇಳಿದು ಉರಿಯುತ್ತಂತೆ!! ನಾನು ವಾರಪೂರ್ತಿ ನಿದ್ದೆ ಕೆಟ್ಟಿದ್ದು ಇದಕ್ಕೆ. ಮೇ ತನಕ ಸ್ಕೂಲಿಗೇ ಹೋಗ್ಲಿ, ರಜೇಲಿ ಆರು ವಾರ ಮನೇಲಿ ಮಾಡಿ ನೋಡ್ತೀನಿ. ಪ್ಲೇನೋ, ಫ್ರಿಸ್ಕೋ ಕಡೆ ಅದೇ ವಯಸ್ಸಿನ ಮಕ್ಳಿರೋವ್ರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ.