ಮುತ್ತಜ್ಜನ ಹುಟ್ಟೂರು: ಹಳೆಯ ಜನಗಣತಿಯಲ್ಲಿ ಹುಡುಕಿದವರ ಅನುಭವ ಬೇಕು

ಕೇಳಿದವರು, ಬೆಂಗಳೂರು:
ನಮ್ಮ ತಾಯಿಯ ಮುತ್ತಜ್ಜ ಕಾರ್ನ್‌ವಾಲ್‌ನಿಂದ ಬಂದು ಕೋಲಾರ ಚಿನ್ನದ ಗಣಿ ಸೇರಿದವರು. ಮದುವೆಯೂ ಮಣ್ಣೂ ಇಲ್ಲಿಯೇ. 1858ರ ಸುಮಾರಿಗೆ ಹುಟ್ಟಿರಬೇಕು. ಯಾವ ಊರು ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ಇಂಗ್ಲೆಂಡಿನ ಗಣತಿಯಲ್ಲಿ ಸಿಗುತ್ತದೆಯೇ?

ರಾಬರ್ಟ್‌ಸನ್‌ಪೇಟೆಯಿಂದ:
ಸಿಗುತ್ತದೆ, ಆದರೆ ಕೈ ಸುಡುತ್ತದೆ. ನಮ್ಮವರು 1861ರಲ್ಲಿ ಮಗು, ಹುಟ್ಟೂರು ಕ್ಯಾಂಬೋರ್ನ್. 1871ರಲ್ಲಿ ಅದೇ ಹುಡುಗ, ಅದೇ ತಂದೆ ತಾಯಿ, ಊರು ಇಲ್ಲೋಗನ್. 1881ರಲ್ಲಿ ರೆಡ್ರೂತ್! ಮೂರೂ ಒಂದರ ಪಕ್ಕ ಒಂದಿರುವ ಊರುಗಳು. ಮೂಲ ಪುಟದ ಚಿತ್ರ ತೆಗೆಸಿ ನೋಡಿದೆ. ಮನೆಯ ಯಜಮಾನನ ಸಾಲಿನಲ್ಲಿ ಮಾತ್ರ ಊರ ಹೆಸರು, ಕೆಳಗೆ ಹೆಂಡತಿ ಮಕ್ಕಳೆಲ್ಲರಿಗೂ ‘ಡಿಟ್ಟೊ’. ವಯಸ್ಸಿನ ಅಂಕಣದ ಮೇಲೆ ಎಣಿಕೆಯ ಗುಮಾಸ್ತ ಅಡ್ಡಗೆರೆ ಎಳೆದಿದ್ದರಿಂದ 3 ಯಾವುದು, 8 ಯಾವುದು ತಿಳಿಯದು. ಕೊನೆಗೆ ಜನನ ಪ್ರಮಾಣಪತ್ರ ತರಿಸಿದೆ. ಆಗ ಒಂದಕ್ಕೆ 9.25 ಪೌಂಡ್, ಬ್ಯಾಂಕಿನ ಶುಲ್ಕ ಬೇರೆ. ಅದೇ ಹೆಸರಿನ ಯಾರದೋ ಮಕ್ಕಳ ಪತ್ರಗಳು ನಮ್ಮ ಬೀರುವಿನಲ್ಲಿ ಕಂತೆಯಾಗಿವೆ. ತಾಯಿಯ ತವರುಮನೆಯ ಹೆಸರು ಹೊಂದಿದ ಪತ್ರ ಬಂದ ಮೇಲೆಯೇ ಇಲ್ಲೋಗನ್ ಎಂದು ಖಚಿತವಾಯಿತು. ಆ ಕಾಗದಕ್ಕೆ ಚೌಕಟ್ಟು ಹಾಕಿಸಿದ್ದೇನೆ.

ಕಾಕ್ಸ್ ಟೌನ್‌ನಿಂದ:
ಇಷ್ಟು ದುಡ್ಡು ಸುರಿಯುವ ಅಗತ್ಯವೇ ಇರಲಿಲ್ಲ. ಇಂಗ್ಲೆಂಡಿನ ಜನನ ನೋಂದಣಿಯ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಉಚಿತವಾಗಿ ಕಾಣುತ್ತದೆ. ಅದಕ್ಕೂ ಮೊದಲು ಇಲ್ಲಿನ ಮದುವೆ ದಾಖಲೆ ನೋಡಬೇಕು. ಮದರಾಸು ಪ್ರಾಂತದ ಚರ್ಚುಗಳಿಂದ ಹೋದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಎನ್/2 ಸರಣಿ. ಅದರಲ್ಲಿ ವರನ ತಂದೆಯ ಹೆಸರು ಇರುತ್ತದೆ. ನನಗೆ ಸಿಕ್ಕಿದ್ದು ಹಾಗೆಯೇ. ಗಣತಿಯಿಂದ ಶುರು ಮಾಡುವುದು ಬೇರು ಬಿಟ್ಟು ಎಲೆಗೆ ನೀರು ಹಾಕಿದಂತೆ.

ರಾಬರ್ಟ್‌ಸನ್‌ಪೇಟೆಯಿಂದ:
ಆ ಸೂಚಿ ಜಾಲಕ್ಕೆ ಬಂದದ್ದು 2016ರಲ್ಲಿ. ನಾನು ಪತ್ರ ತರಿಸಿದ್ದು ಅದಕ್ಕೂ ಮುಂಚೆ. ಕಾರ್ನ್‌ವಾಲ್ ಗಣಿಗಾರರಲ್ಲಿ ಮೆಥಡಿಸ್ಟರೇ ಹೆಚ್ಚು, ಅಂದರೆ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪಂಥದವರು, ಅವರೆಲ್ಲರ ಮದುವೆಯೂ ನಿಮ್ಮ ಎನ್/2ರಲ್ಲಿ ಇರುತ್ತದೆಂದು ಯಾರು ಹೇಳಿದರು? ನಿಮಗೆ ಸುಲಭವಾಗಿ ಸಿಕ್ಕಿತೆಂದು ಉಳಿದವರ ಕಷ್ಟವನ್ನು ಅಲ್ಲಗಳೆಯಬೇಡಿ.

ಬಾಗಲಕೋಟೆಯಿಂದ:
ನಮ್ಮ ಮನೆತನದ ಮೂಲ ತಿಳಿದದ್ದು ಹೆಳವರಿಂದ. ಎತ್ತಿನೊಂದಿಗೆ ಬಂದು ಕಟ್ಟೆಯ ಮೇಲೆ ಕುಳಿತು ಹತ್ತು ತಲೆಮಾರಿನ ಹೆಸರು ಓದಿದರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದೆವೆಂದೂ ಹೇಳಿದರು. ಎರಡು ಚೀಲ ಜೋಳ, ಧೋತರ, ಐದು ಸಾವಿರ ರೂಪಾಯಿ ಕೊಟ್ಟೆವು, ಕೊಟ್ಟದ್ದು ಕಡಿಮೆಯೇ ಆಯಿತು.

ಕಾಕ್ಸ್ ಟೌನ್‌ನಿಂದ:
ಹೆಳವರ ಮಾತು ದಾಖಲೆಯಾಗುವುದಿಲ್ಲ. ಕಾರ್ನ್‌ವಾಲ್‌ನವರಿಗೆ ಹೆಳವರೆಲ್ಲಿ?

ಬಾಗಲಕೋಟೆಯಿಂದ:
ನೀವು ನಂಬುವ ಗಣತಿ ಒಂದೇ ಹುಡುಗನಿಗೆ ಮೂರು ಹುಟ್ಟೂರು ಕೊಟ್ಟಿದೆ. ಹೆಳವರ ಹೊತ್ತಿಗೆಯಲ್ಲಿ ನಮಗೆ ಇರುವುದು ಒಂದೇ ಊರು. ಬಾಯಿಗೆ ಬಂದಂತೆ ಮಾತನಾಡಬೇಡಿ.

ಆಂಡರ್ಸನ್‌ಪೇಟೆಯಿಂದ:
ಇಲ್ಲಿ ಗಣಿಯೆಂದರೆ ಬಿಳಿಯರದು ಮಾತ್ರ ಎಂಬಂತೆ ಮಾತು ನಡೆದಿದೆ. ನಮ್ಮ ಮುತ್ತಜ್ಜ ಉತ್ತರ ಆರ್ಕಾಟಿನಿಂದ ನಡೆದು ಬಂದವರು. ಯಾವ ಹಳ್ಳಿ? ಇಲ್ಲಿಯೂ 1881ರ ಗಣತಿಯಲ್ಲಿ ಹುಟ್ಟಿದ ಸ್ಥಳ ಕೇಳಿದ್ದರು, ಜಿಲ್ಲೆವಾರು ಮೊತ್ತ ಅಚ್ಚಾಯಿತು, ಹೆಸರಿದ್ದ ಹಾಳೆ ನಮ್ಮ ಕೈಗೆ ಸಿಗುವುದಿಲ್ಲ. ಈಗಿನ ಗಣತಿಯದನ್ನೂ ನೋಡುವ ಹಕ್ಕಿಲ್ಲ, 1948ರ ಕಾಯ್ದೆಯ 15ನೇ ಸೆಕ್ಷನ್ ಓದಿ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಾದರೆ ಯಾರು ಬೇಕಾದರೂ ನೋಡಬಹುದು. ನಾವು ಎಷ್ಟು ಕಾದರೂ ಅಷ್ಟೇ. ಗಣಿ ಕಂಪನಿಯ ಹಾಜರಿ ಪುಸ್ತಕವಾದರೂ ಉಳಿದಿದೆಯೇ ಎಂದು ಕೇಳಲು ಹೋದರೆ ಗೇಟಿನಿಂದಲೇ ಕಳುಹಿಸಿದರು.

ರಾಬರ್ಟ್‌ಸನ್‌ಪೇಟೆಯಿಂದ:
ಬಿಳಿಯರ ಗಣಿ ಎಂದು ಯಾರೂ ಅಂದಿಲ್ಲ. ಕೇಳಿದವರ ಪ್ರಶ್ನೆಯೇ ಕಾರ್ನ್‌ವಾಲ್‌ನದು.

ಆಂಡರ್ಸನ್‌ಪೇಟೆಯಿಂದ:
ಕೇಳಿದವರ ತಾಯಿಯ ಮುತ್ತಜ್ಜಿ ಯಾವ ಊರಿನವರು? ಮದುವೆ ಇಲ್ಲಿಯೇ ಆಯಿತೆಂದು ಬರೆದಿದ್ದಾರಲ್ಲ. ಅವರನ್ನು ಹುಡುಕಬೇಕೆಂದು ನಿಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ.