ರ್ಯಾಕ್ ಆಂಪ್ ತಗೊಳ್ಳಲಾ, ಬ್ಯಾಗಿಗೆ ಹಿಡಿಯುವ ಚಿಕ್ಕದೇ ಸಾಕಾ?

ಶಿವಮೊಗ್ಗ_ಆರುತಂತಿ:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಬಿಡುವೇ ಇರಲ್ಲ, ಇವತ್ತು ತರೀಕೆರೆ, ನಾಳೆ ಸಾಗರ, ನಾಡಿದ್ದು ಹೊನ್ನಾಳಿ, ಹೀಗೆ. ನನ್ನ ಹತ್ತಿರ ಇರುವುದು 30 ವ್ಯಾಟಿನ ಹಳೇ ವಾಲ್ವ್ ಕಾಂಬೊ, ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಅದರ ಸದ್ದು ಅಂದರೆ ನನಗೆ ಪ್ರಾಣ. ಆದರೆ ತೂಕ 20 ಕೆಜಿ ಮೇಲಿದೆ. ಹೋದ ತಿಂಗಳು ಬಸ್ಸಿನ ಡಿಕ್ಕಿಯಿಂದ ಇಳಿಸುವಾಗ ಸೊಂಟ ಹಿಡಿದುಕೊಂಡು ಎರಡು ವಾರ ಮಲಗಿದ್ದೆ. ಇನ್ನು ಅದನ್ನು ಹೊರುವುದು ಬೇಡ ಅಂತ ಮನೆಯವರೆಲ್ಲ ಕೂತು ಹೇಳಿದರು.

ಈಗ ಎರಡು ದಾರಿ ಇದೆ. ಪರಿಚಯದವರ ಹತ್ತಿರ ಸೆಕೆಂಡ್ ಹ್ಯಾಂಡ್ ಕೆಂಪರ್ ರ್ಯಾಕ್ (ಬೇರೆ ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಕೊಡುವ ಮೆಷಿನ್) ಇದೆ, ಕೇಸ್ ಸಮೇತ ಕೊಡುತ್ತಾರಂತೆ. ಇಲ್ಲಾಂದ್ರೆ ಲೈನ್ 6 ಎಚ್‌ಎಕ್ಸ್ ಸ್ಟಾಂಪ್ (ಅದೇ ಥರದ ಕೆಲಸದ ಚಿಕ್ಕ ಪೆಡಲ್), ಜೊತೆಗೆ ಸ್ಪೀಕರ್ ನಡೆಸಲು ಪುಟ್ಟ ಪವರ್ ಆಂಪ್, ಸೀಮೋರ್ ಡಂಕನ್ ಪವರ್‌ಸ್ಟೇಜ್ 170. ಎರಡೂ ಸೇರಿ ಗಿಟಾರ್ ಬ್ಯಾಗಿನ ಜೇಬಿಗೆ ಹೋಗುತ್ತವೆ. ಮನೆಯಲ್ಲಿ ವಿಂಟೇಜ್ 30 ಸ್ಪೀಕರ್ ಇರುವ 1x12 ಕ್ಯಾಬ್ (12 ಇಂಚಿನ ಒಂದು ಸ್ಪೀಕರ್ ಇರುವ ಪೆಟ್ಟಿಗೆ) ಇದೆ, 8 ಓಮ್. ನುಡಿಸುವುದು ಎಲ್ಲಾ ಥರ, ಹಳೇ ಸಿನಿಮಾ ಹಾಡಿಗೆ ಕ್ಲೀನ್ ಮತ್ತು ಕೋರಸ್, ಕೊನೆಯಲ್ಲಿ ಹುಡುಗರು ಕುಣಿಯುವ ಹಾಡಿಗೆ ಡಿಸ್ಟಾರ್ಷನ್. ಒಂದು ರಾತ್ರಿಗೆ 25–30 ಹಾಡು. ಯಾವುದು ತಗೊಳ್ಳಲಿ? ಚಿಕ್ಕದು ತಗೊಂಡರೆ ಸದ್ದು ಸಾಲಲ್ಲ ಅಂತ ಕೆಲವರು ಹೆದರಿಸುತ್ತಿದ್ದಾರೆ.

ಮಿಕ್ಸರ್_ಪಕ್ಕದವನು:

ಸರ್, ಮೊದಲು ಒಂದು ಪ್ರಶ್ನೆ. ಪೆಂಡಾಲಿನಲ್ಲಿ ಕೂತ ಜನಕ್ಕೆ ನಿಮ್ಮ ಗಿಟಾರ್ ಕೇಳಿಸುವುದು ಎಲ್ಲಿಂದ? ನಿಮ್ಮ ಕ್ಯಾಬಿನಿಂದಲಾ, ಸೌಂಡ್‌ನವರ ಬಾಕ್ಸಿನಿಂದಲಾ? ನಾನು ಹದಿನೈದು ವರ್ಷ ಸೌಂಡ್ ಕೆಲಸ ಮಾಡಿದ್ದೇನೆ. ಆರ್ಕೆಸ್ಟ್ರಾದಲ್ಲಿ ನೂರಕ್ಕೆ ನೂರು ಮಿಕ್ಸರ್‌ನಿಂದಲೇ ಹೋಗುತ್ತದೆ. ಕ್ಯಾಬ್ ಇಟ್ಟರೂ ಅದರ ಮುಂದೆ ಮೈಕ್ ಇಡುತ್ತೇವೆ, ಪಕ್ಕದ ಡ್ರಮ್ಸ್ ಸದ್ದೂ ಆ ಮೈಕಿಗೆ ನುಗ್ಗುತ್ತದೆ. ಹಾಗಿದ್ದ ಮೇಲೆ ಆಂಪ್ ದೊಡ್ಡದಾ ಚಿಕ್ಕದಾ ಅನ್ನುವುದಕ್ಕೆ ಜನರ ಕಿವಿಯ ಮಟ್ಟಿಗೆ ಅರ್ಥವೇ ಇಲ್ಲ. ಅಲ್ಲಿಗೆ ಬೇಕಾಗಿರುವುದು ಲೈನ್ ಔಟ್ (ಮಿಕ್ಸರ್‌ಗೆ ನೇರ ಕೊಡುವ ಔಟ್) ಮಾತ್ರ, ಅದು ಎರಡರಲ್ಲೂ ಇದೆ. ಪವರ್ ಆಂಪ್ ಬೇಕಾಗುವುದು ನಿಮ್ಮ ಬೆನ್ನ ಹಿಂದೆ ಕ್ಯಾಬ್ ಇರಲೇಬೇಕು ಅಂದರೆ ಮಾತ್ರ.

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಡಿ. ಮಿಕ್ಸರ್‌ಗೆ ಕೊಡುವಾಗ ಕ್ಯಾಬ್ ಸಿಮ್ಯುಲೇಶನ್ (ಕ್ಯಾಬಿನ ಸದ್ದನ್ನು ಅನುಕರಿಸುವ ಸೆಟ್ಟಿಂಗ್) ಆನ್ ಇರಬೇಕು. ನಿಜವಾದ ಕ್ಯಾಬಿಗೆ ಕೊಡುವಾಗ ಆಫ್. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ತಾನೇ ಕೆಳಗೆ ಬೀಳುತ್ತದೆ. ಸಿಮ್ ಇಲ್ಲದೆ ಬಾಕ್ಸಿಗೆ ಬಿಟ್ಟರೆ ಡಿಸ್ಟಾರ್ಷನ್ ಅನ್ನುವುದು ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುತ್ತದೆ, ಸಿಮ್ ಹಾಕಿಕೊಂಡೇ ಕ್ಯಾಬಿಗೆ ಕೊಟ್ಟರೆ ಕಂಬಳಿ ಹೊದಿಸಿದ ಹಾಗೆ. ಎಷ್ಟೋ ಗಿಟಾರಿಸ್ಟ್‌ಗಳು ಒಳ್ಳೇ ಮೆಷಿನ್ ತಗೊಂಡು ಇದೊಂದು ಕಾರಣಕ್ಕೆ ಅದನ್ನು ಮಾರಿದ್ದನ್ನು ನೋಡಿದ್ದೇನೆ. ಬಹಳ ಬೇಜಾರಾಗುತ್ತದೆ.

ಓಮ್_ಲೆಕ್ಕ:

ಮೇಲಿನವರು ಹೇಳಿದ್ದು ಸರಿ. ನಾನು ಪವರ್ ವಿಷಯಕ್ಕೆ ಮಾತ್ರ ಬರುತ್ತೇನೆ, ಯಾಕಂದ್ರೆ "ಸದ್ದು ಸಾಲಲ್ಲ" ಅನ್ನುವ ಹೆದರಿಕೆ ಅಲ್ಲೇ ಹುಟ್ಟುವುದು.

ಪವರ್‌ಸ್ಟೇಜ್ 170 ಮೇಲೆ ಬರೆದ 170 ವ್ಯಾಟ್ 4 ಓಮ್ ಕ್ಯಾಬಿಗೆ. ನಿಮ್ಮದು 8 ಓಮ್. ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಓಮ್ ಏರಿದರೆ ವ್ಯಾಟ್ ಇಳಿಯುತ್ತದೆ. ನಿಮ್ಮ ವಾಲ್ವ್ ಕಾಂಬೊದಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಈ ತೊಂದರೆ ನಿಮಗೆ ಗೊತ್ತಾಗಿರಲಿಕ್ಕಿಲ್ಲ, ಅದರಲ್ಲಿ 4, 8, 16ಕ್ಕೆ ಬೇರೆ ಬೇರೆ ತಂತಿ ತೆಗೆದಿರುತ್ತಾರೆ. ಈಗ 170 ಅರ್ಧದ ಹತ್ತಿರಕ್ಕೆ ಇಳಿಯಿತು ಅಂತಲೇ ಇಟ್ಟುಕೊಳ್ಳಿ. ಪವರ್ ಅರ್ಧವಾದರೆ ಸದ್ದು ಅರ್ಧ ಆಗಲ್ಲ, 3 ಡೆಸಿಬೆಲ್ ಕಡಿಮೆ ಆಗುತ್ತದೆ ಅಷ್ಟೆ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. ಹಾಗಾಗಿ ಆ ಹೆದರಿಕೆ ಬಿಡಿ.

ಹೆದರಬೇಕಾದ್ದು ಇನ್ನೊಂದು ಕಡೆಗೆ. ವಿಂಟೇಜ್ 30 ತಡೆಯುವುದು 60 ವ್ಯಾಟ್. ನಿಮಗೆ ಸಿಗುತ್ತಿರುವುದು ಕೆಂಪರ್ ಪವರ್ ರ್ಯಾಕ್ ಆಗಿದ್ದರೆ ಅದರ ಒಳಗೆ 8 ಓಮ್‌ಗೆ 600 ವ್ಯಾಟಿನ ಆಂಪ್ ಇದೆ. ಒಂದೇ ಸ್ಪೀಕರ್ ಇರುವ ಕ್ಯಾಬಿಗೆ ಅದನ್ನು ಹಾಕಿ, ಕತ್ತಲಲ್ಲಿ ಯಾರದೋ ಕೈ ತಾಗಿ ವಾಲ್ಯೂಮ್ ತಿರುಗಿತು ಅಂದರೆ ಸ್ಪೀಕರ್ ಒಳಗಿನ ವಾಯ್ಸ್ ಕಾಯಿಲ್ ಸುಟ್ಟಿತು ಅಂತಲೇ ಅರ್ಥ. ಬರೀ "ರ್ಯಾಕ್" ಆಗಿದ್ದರೆ ಅದರಲ್ಲಿ ಪವರ್ ಆಂಪ್ ಇರುವುದೇ ಇಲ್ಲ! ಎರಡೂ ಮುಂದಿನಿಂದ ಒಂದೇ ಥರ ಕಾಣುತ್ತವೆ. ದುಡ್ಡು ಕೊಡುವ ಮೊದಲು ಹಿಂದೆ ತಿರುಗಿಸಿ ಸ್ಪೀಕರ್ ಔಟ್ ಇದೆಯಾ ನೋಡಿ. ಇಲ್ಲದಿದ್ದರೆ ನೀವು ಹೋಲಿಸುತ್ತಿರುವ ಎರಡು ವಸ್ತುಗಳು ಸಮ ಅಲ್ಲ.

ಕ್ಯಾಬಿಗೆ ಸ್ಪೀಕರ್ ಕೇಬಲ್ಲೇ ಹಾಕಿ, ಗಿಟಾರ್ ಕೇಬಲ್ ಬೇಡ. ಎರಡರ ಪಿನ್ನೂ ಒಂದೇ ಅಂತ ಸಣ್ಣ ತಂತಿಯಲ್ಲಿ ಪವರ್ ಹರಿಸಬಾರದು.

ಶಿವಮೊಗ್ಗ_ಆರುತಂತಿ:

ಫೋನ್ ಮಾಡಿ ಕೇಳಿದೆ. ಹಿಂದೆ ಸ್ಪೀಕರ್ ಔಟ್ ಇಲ್ಲವಂತೆ. ಅಂದರೆ ಬರೀ ರ್ಯಾಕ್. ಒಳ್ಳೇದಾಯ್ತು ಕೇಳಿದ್ದು, ತುಂಬಾ ಥ್ಯಾಂಕ್ಸ್. ರ್ಯಾಕ್ ಇಟ್ಟುಕೊಂಡವರು ಯಾರಾದರೂ ಇದ್ದರೆ ಓಡಾಟ ಹೇಗೆ ಅಂತ ಹೇಳಿ.

ನಾಲ್ಕು_ಯು:

ನಾನು ಆರು ವರ್ಷದಿಂದ ರ್ಯಾಕ್ ಇಟ್ಟುಕೊಂಡಿದ್ದೇನೆ, ಬಿಡುವ ಯೋಚನೆ ಇಲ್ಲ. ಆದರೆ ಯಾಕೆ ಇಟ್ಟುಕೊಂಡಿದ್ದೇನೆ ಅನ್ನುವುದನ್ನು ಹೇಳಬೇಕು.

ರ್ಯಾಕ್ ಅಂದರೆ 19 ಇಂಚು ಅಗಲ, ಒಂದು ಯು ಅಂದರೆ 1.75 ಇಂಚು ಎತ್ತರ. ಕೆಂಪರ್ 3 ಯು. ಒಂದೇ ಮೆಷಿನ್ ಸಲುವಾಗಿ ಕೇಸ್ ಹೊರುವುದಾದರೆ ರ್ಯಾಕ್ ಬೇಡವೇ ಬೇಡ. ನನ್ನ ಕೇಸಿನಲ್ಲಿ ವೈರ್‌ಲೆಸ್ ರಿಸೀವರ್ ಇದೆ, ಇನ್‌ಇಯರ್ ಟ್ರಾನ್ಸ್‌ಮಿಟರ್ ಇದೆ, ಪವರ್ ಕಂಡಿಷನರ್ ಇದೆ, ಎಲ್ಲಾ ಒಳಗೇ ವೈರ್ ಆಗಿ ಕಟ್ಟಿಟ್ಟಿದೆ. ಸ್ಟೇಜಿಗೆ ಹೋಗಿ ಮುಚ್ಚಳ ತೆಗೆದು ಒಂದು ಪವರ್ ಕೇಬಲ್, ಮಿಕ್ಸರ್‌ಗೆ ಎರಡು ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ ಮೂರು ಪಿನ್ನಿನ ಕೇಬಲ್), ಕಾಲಿನ ಬೋರ್ಡಿಗೆ ಒಂದು ಕೇಬಲ್. ಮೂರು ನಿಮಿಷದಲ್ಲಿ ರೆಡಿ. ನಮಗಿಂತ ಮೊದಲಿನ ತಂಡ ಇಳಿಯುವಷ್ಟರಲ್ಲಿ ನಾನು ಟ್ಯೂನ್ ಮಾಡಿ ನಿಂತಿರುತ್ತೇನೆ. ಆ ನೆಮ್ಮದಿ ದೊಡ್ಡದು.

ಆದರೆ ಇದನ್ನೆಲ್ಲ ಒಯ್ಯಲು ನಮ್ಮ ತಂಡಕ್ಕೆ ಟೆಂಪೊ ಇದೆ, ಎತ್ತಲು ಇಬ್ಬರು ಹುಡುಗರಿದ್ದಾರೆ. ನೀವು ಬಸ್ಸಿನಲ್ಲಿ ಹೋಗುವವರು. ಅದೇ ಇಡೀ ವ್ಯತ್ಯಾಸ ಅಂತ ನನಗೆ ಅನ್ನಿಸುತ್ತದೆ. ವಿಮಾನದಲ್ಲಿ ಹೋಗುವ ಪ್ರೋಗ್ರಾಂ ಬಂದರೂ ಅಷ್ಟೆ, ಹೆಚ್ಚಿನ ಡೊಮೆಸ್ಟಿಕ್ ಟಿಕೆಟಿನಲ್ಲಿ ಬಿಡುವುದು 15 ಕೆಜಿ, ಗಟ್ಟಿ ಕೇಸಿನ ತೂಕವೇ ಅದರಲ್ಲಿ ಎಷ್ಟೋ ತಿಂದುಬಿಡುತ್ತದೆ.

ಒಂದು ಪಾಠ ಹೇಳುತ್ತೇನೆ, ಮುಂದೆ ಯಾರಾದರೂ ರ್ಯಾಕ್ ತಗೊಂಡರೆ ಉಪಯೋಗಕ್ಕೆ ಬರುತ್ತದೆ. ಮೊದಲ ವರ್ಷ ಮೆಷಿನ್ನನ್ನು ಮುಂದಿನ ನಾಲ್ಕು ಸ್ಕ್ರೂಗಳ ಮೇಲೆ ಮಾತ್ರ ನೇತುಹಾಕಿದ್ದೆ, ಕೆಳಗೆ ತಟ್ಟೆ ಇರಲಿಲ್ಲ. ಹಿರಿಯೂರಿನಿಂದ ವಾಪಸ್ ಬರುವಾಗ ರಸ್ತೆ ಕೆಲಸ ನಡೆಯುತ್ತಿತ್ತು, ಎರಡು ಗಂಟೆ ಕುಲುಕಾಟ. ಮನೆಗೆ ಬಂದು ಮುಚ್ಚಳ ತೆಗೆದರೆ ಒಂದು ಸ್ಕ್ರೂ ಕೇಸಿನ ತಳದಲ್ಲಿ ಉರುಳಾಡುತ್ತಿದೆ, ಎಡಗಡೆ ಕಿವಿ (ಸ್ಕ್ರೂ ಹಾಕುವ ಪಟ್ಟಿ) ಕಣ್ಣಿಗೆ ಕಾಣುವಷ್ಟು ಬಾಗಿದೆ, ಹಿಂಭಾಗ ಜೋತುಬಿದ್ದಿದೆ. ಹಾಳಾಗಲಿಲ್ಲ, ಪುಣ್ಯ. ಆಮೇಲೆ ಕೆಳಗೆ ಶೆಲ್ಫ್ ಹಾಕಿಸಿ, ಸ್ಕ್ರೂಗಳಿಗೆಲ್ಲ ನೈಲಾನ್ ವಾಷರ್ ಹಾಕಿದೆ. ಗಾಳಿಯಾಡಲು ಜಾಗವನ್ನೂ ಬಿಡಬೇಕು. ಹಿಂದಿನ ಮುಚ್ಚಳ ಹಾಕಿಕೊಂಡೇ ನುಡಿಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಕಡಲ_ಗಾಳಿ:

ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಾನು ಎಚ್‌ಎಕ್ಸ್ ಸ್ಟಾಂಪ್ ಬಳಸುವವ. ಚಿಕ್ಕದರ ತೊಂದರೆಗಳನ್ನೂ ಯಾರಾದರೂ ಹೇಳಬೇಕಲ್ಲ.

ಮೊದಲನೆಯದು ಅಡಾಪ್ಟರ್. ಸ್ಟಾಂಪಿಗೆ 9 ವೋಲ್ಟ್, 3 ಆಂಪಿಯರ್ ಬೇಕು. ಮಾಮೂಲಿ ಪೆಡಲ್ ಅಡಾಪ್ಟರ್ ಕೊಡುವುದು ಅದರ ಕಾಲು ಭಾಗಕ್ಕಿಂತಲೂ ಕಡಿಮೆ, ಅದರಲ್ಲಿ ನಡೆಯಲ್ಲ. ಒಂದು ದೇವಸ್ಥಾನದ ಜಾತ್ರೆಯಲ್ಲಿ ನನ್ನ ಅಡಾಪ್ಟರಿನ ವೈರ್ ಬುಡದಲ್ಲೇ ಕಿತ್ತುಬಂತು. ಪೂರ್ತಿ ಆರ್ಕೆಸ್ಟ್ರಾದಲ್ಲಿ ಯಾರ ಹತ್ತಿರವೂ ಅಂಥದ್ದು ಇರಲಿಲ್ಲ. ಕೀಬೋರ್ಡಿನವರು ನನ್ನ ಲೀಡ್‌ಗಳನ್ನೆಲ್ಲ ನುಡಿಸಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಹಿಂಡುತ್ತದೆ. ಈಗ ಎರಡು ಅಡಾಪ್ಟರ್ ಇಲ್ಲದೆ ಮನೆ ಬಿಡುವುದಿಲ್ಲ.

ಎರಡನೆಯದು, ಸ್ಟಾಂಪಿನಲ್ಲಿ ಎಕ್ಸ್‌ಎಲ್‌ಆರ್ ಇಲ್ಲ. ಮಿಕ್ಸರ್ ಪೆಂಡಾಲಿನ ಆ ತುದಿಯಲ್ಲಿ ಇರುತ್ತದೆ, ಹಾಗಾಗಿ ಸ್ವಂತ ಡಿಐ ಬಾಕ್ಸ್ (ಉದ್ದ ಕೇಬಲ್ಲಿನಲ್ಲಿ ಗದ್ದಲ ಸೇರದಂತೆ ಮಿಕ್ಸರ್‌ಗೆ ಕೊಡುವ ಚಿಕ್ಕ ಪೆಟ್ಟಿಗೆ) ಇಟ್ಟುಕೊಳ್ಳಿ, ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದು. ಜನರೇಟರ್ ಮೇಲೆ ನಡೆಯುವ ಪ್ರೋಗ್ರಾಂಗಳಲ್ಲಿ ಲೈಟಿನವರಿಗೂ ನಮಗೂ ಒಂದೇ ಲೈನ್ ಕೊಟ್ಟುಬಿಡುತ್ತಾರೆ, ಆಗ ಬರುವ ಗುಂಯ್ ಸದ್ದು ಎಷ್ಟೋ ಸಲ ಆ ಒಂದು ಸ್ವಿಚ್ ಒತ್ತಿದರೆ ನಿಲ್ಲುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ. ಸದ್ದು ಹೋಗುತ್ತದೆ ಅಂತ ಹಾಗೆ ಮಾಡುವವರಿದ್ದಾರೆ. ಮೈಕಿಗೆ ತುಟಿ, ತಂತಿಗೆ ಕೈ, ಮಳೆ ಬಿದ್ದ ನೆಲ. ಜೀವದ ಪ್ರಶ್ನೆ ಅದು.

ಮೂರನೆಯದೇ ನಿಮಗೆ ಮುಖ್ಯ ಅಂತ ಕಾಣುತ್ತದೆ. ಸ್ಟಾಂಪಿನಲ್ಲಿ ಕಾಲಿಗೆ ಮೂರೇ ಸ್ವಿಚ್. 30 ಹಾಡಿಗೆ ಪ್ಯಾಚ್ (ಮೊದಲೇ ಉಳಿಸಿಟ್ಟ ಸೆಟ್ಟಿಂಗ್) ಬದಲಾಯಿಸಬೇಕು, ನಡುವೆ ಸೋಲೊಗೆ ಬೂಸ್ಟ್ ಬೇಕು, ಕೋರಸ್ ಆನ್ ಆಫ್ ಮಾಡಬೇಕು, ಮೂರರಲ್ಲಿ ಒದ್ದಾಟ ಆಗುತ್ತದೆ. ಸ್ಟಾಂಪ್ ಎಕ್ಸ್‌ಎಲ್ ನೋಡಿ, ಅದರಲ್ಲಿ ಎಂಟು ಸ್ವಿಚ್ ಇವೆ, ಉದ್ದ ಜಾಸ್ತಿ ಅಷ್ಟೆ. ಒಳಗಿನ ಸದ್ದು ಅದೇ.

ಮಿಕ್ಸರ್_ಪಕ್ಕದವನು:

ಅರ್ಥ್ ಪಿನ್ ಮಾತಿಗೆ ನನ್ನದೂ ಒಂದು ಓಟು. ಮತ್ತೆ ಸರ್, ಬೆನ್ನ ಹಿಂದೆ ಕ್ಯಾಬ್ ಇಲ್ಲದೆ ನುಡಿಸಿ ಅಭ್ಯಾಸ ಇಲ್ಲದವರಿಗೆ ಮೊದಲ ನಾಲ್ಕೈದು ಪ್ರೋಗ್ರಾಂ ಏನೋ ಖಾಲಿ ಖಾಲಿ ಅನ್ನಿಸುತ್ತದೆ. ನಿಮ್ಮ ಮುಂದಿನ ಮಾನಿಟರಿನಲ್ಲಿ ಗಿಟಾರ್ ಜಾಸ್ತಿ, ಹಾಡುವವರು ಕಮ್ಮಿ ಅಂತ ಸೌಂಡ್‌ನವರಿಗೆ ಮೊದಲೇ ಹೇಳಿ. ಹೇಳಿದರೆ ಮಾಡಿಕೊಡುತ್ತಾರೆ. ಹೇಳದೆ ಆಮೇಲೆ ಮುಖ ಗಂಟುಹಾಕಿಕೊಳ್ಳುವವರೇ ಜಾಸ್ತಿ.

ಶಿವಮೊಗ್ಗ_ಆರುತಂತಿ:

ನಿಮ್ಮೆಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ರ್ಯಾಕ್ ಬೇಡ ಅಂತ ನಿರ್ಧಾರ ಮಾಡಿದೆ, ನನಗೆ ಟೆಂಪೊ ಇಲ್ಲ, ಎತ್ತುವ ಹುಡುಗರೂ ಇಲ್ಲ. ಸ್ಟಾಂಪ್ ಎಕ್ಸ್‌ಎಲ್, ಒಂದು ಡಿಐ ಬಾಕ್ಸ್, ಎರಡು ಅಡಾಪ್ಟರ್. ಪವರ್‌ಸ್ಟೇಜ್ ಸದ್ಯಕ್ಕೆ ತಗೊಳ್ಳುವುದಿಲ್ಲ, ಮಾನಿಟರಿನಲ್ಲಿ ನಾಲ್ಕು ಪ್ರೋಗ್ರಾಂ ನುಡಿಸಿ ನೋಡುತ್ತೇನೆ, ಆಗದಿದ್ದರೆ ಆಮೇಲೆ ತಗೊಂಡು ಕ್ಯಾಬಿಗೆ ಹಾಕಿದರಾಯ್ತು ಅಲ್ವಾ. ಕಾಂಬೊ ಮಾರಲು ಮನಸ್ಸಿಲ್ಲ, ಅದು ಮನೆಯಲ್ಲೇ ಇರಲಿ, ಬೆಳಗ್ಗೆ ಪ್ರಾಕ್ಟೀಸಿಗೆ.

ಕಡಲ ಗಾಳಿಯವರೇ, ನಿಮ್ಮ ಕ್ಲೀನ್ ಪ್ಯಾಚಿಗೆ ಯಾವ ಆಂಪ್ ಮಾಡೆಲ್ ಹಾಕಿಕೊಂಡಿದ್ದೀರಿ? ಹಳೇ ಹಾಡುಗಳಿಗೆ ಅದೇ ಮುಖ್ಯ, ಅಲ್ಲಿಂದಲೇ ಶುರು ಮಾಡೋಣ ಅಂತಿದ್ದೇನೆ.