ಚೆನ್ನೈಗೆ ಎಚ್-4 ಸಂದರ್ಶನಕ್ಕೆ ಹೊರಟಿದ್ದೇನೆ, ಹೋಗಿ ಬಂದವರು ಹೇಳಿ

ಎಲ್ಲರಿಗೂ ನಮಸ್ಕಾರ. ಈ ವರ್ಷ ನನ್ನ ಮದುವೆಯಾಯಿತು. ನಮ್ಮ ಯಜಮಾನರು ಡಲ್ಲಾಸ್‌ನಲ್ಲಿ ಎಚ್-1ಬಿ (ಅಲ್ಲಿ ಕೆಲಸ ಮಾಡುವ ವೀಸಾ) ಮೇಲೆ ಕೆಲಸದಲ್ಲಿದ್ದಾರೆ. ಅಂಥವರ ಹೆಂಡತಿಗೆ ಸಿಗುವ ಎಚ್-4 ವೀಸಾಗೆ ನನಗೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಮುಂದಿನ ತಿಂಗಳು ಸ್ಲಾಟ್ ಸಿಕ್ಕಿದೆ. ನಾನು ಶಿವಮೊಗ್ಗದವಳು, ಬಿಕಾಂ ಓದಿದ್ದೇನೆ. ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ತಡವರಿಸುತ್ತೇನೆ. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ, ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಜಾಸ್ತಿ ದಿನ ಇರಲಿಲ್ಲ, ಅವರು ರಜೆ ಮುಗಿಯಿತು ಅಂತ ಹೊರಟೇಬಿಟ್ಟರು, ಹಾಗಾಗಿ ವೀಸಾಗೋಸ್ಕರ ಆದ ಮದುವೆ ಅಂತ ಎಲ್ಲಿ ಅನುಮಾನ ಪಡುತ್ತಾರೋ ಅಂತ ಭಯ. ಏನೇನು ಕೇಳುತ್ತಾರೆ? ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರಿದೆ, ಗಂಡನ ಹೆಸರು ಸೇರಿಸಲೇಬೇಕಾ? ಇನ್‌ಸ್ಟಾಗ್ರಾಂ ಎಲ್ಲರಿಗೂ ಕಾಣುವ ಹಾಗೆ ಇಡಬೇಕಂತೆ, ನಿಜವಾ? ನಮ್ಮತ್ತೆ ಮದುವೆ ಆಲ್ಬಂ ಪೂರ್ತಿ ತಗೊಂಡು ಹೋಗು ಅಂತಿದ್ದಾರೆ, ಅದು ಎತ್ತಲಾರದಷ್ಟು ಭಾರ ಇದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಇತ್ತೀಚೆಗೆ ವೀಸಾ ಆದವರು:

ತಂಗಿ, ಮೊದಲು ಆ ಭಯ ಬಿಡಿ. ಹಿರಿಯರು ನೋಡಿ ಮಾಡಿದ ಮದುವೆ ಅಂದರೆ ಏನು ಅಂತ ಆ ಅಧಿಕಾರಿಗೆ ನೀವು ಪಾಠ ಮಾಡಬೇಕಾಗಿಲ್ಲ. ಅವರ ಮುಂದೆ ದಿನಾ ಬರುವುದು ಅಂಥವೇ. ಅವರಿಗೆ ಬೇಕಾಗಿರುವುದು ಎರಡೇ. ಗಂಡನ ಕೆಲಸ ನಿಜವಾ? ಮದುವೆ ನಿಜವಾ? ಮೊದಲನೆಯದಕ್ಕೆ ಕಾಗದ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ನೀವೇ ಹೇಳಬೇಕು, ಅದೂ ಒಂದೆರಡು ನಿಮಿಷದಲ್ಲಿ.

ನಿಜವಾದ ಪರೀಕ್ಷೆ ಆನ್‌ಲೈನ್ ವೀಸಾ ಅರ್ಜಿ, ಅಂದರೆ ಡಿಎಸ್-160 ಫಾರ್ಮ್ ತುಂಬುವಾಗಲೇ ಶುರುವಾಗಿರುತ್ತದೆ. ಅಧಿಕಾರಿ ಅದನ್ನು ಸ್ಕ್ರೀನ್ ಮೇಲೆ ಇಟ್ಟುಕೊಂಡೇ ಮಾತಾಡುತ್ತಾರೆ. ಮದುವೆ ದಿನಾಂಕ, ಗಂಡನ ವಿಳಾಸ, ಗಂಡನ ಎಚ್-1ಬಿ ಒಪ್ಪಿಗೆ ಪತ್ರ ಐ-797ನಲ್ಲಿರುವ ರಸೀದಿ ನಂಬರ್, ಇವು ಒಂದಕ್ಕೊಂದು ತಾಳೆಯಾಗಬೇಕು. ಸ್ಲಾಟ್ ತಗೊಳ್ಳುವಾಗ ಕೊಟ್ಟ ಡಿಎಸ್-160 ನಂಬರ್ರೂ ನೀವು ಕೈಯಲ್ಲಿ ಹಿಡಿದು ಹೋಗುವ ಪ್ರಿಂಟ್‌ನ ಬಾರ್‌ಕೋಡ್ ನಂಬರ್ರೂ ಒಂದೇ ಇರಬೇಕು. ನಡುವೆ ಏನೋ ಸರಿಮಾಡೋಣ ಅಂತ ಹೊಸ ಫಾರ್ಮ್ ತುಂಬಿದರೆ ನಂಬರ್ ಬದಲಾಗುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ.

ಹೋಗಬೇಕಾದ್ದು ಎರಡು ಕಡೆ. ಮೊದಲು ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು, ಫೋಟೋ. ಆಮೇಲೆ ಬೇರೆ ದಿನ ಅಣ್ಣಾ ಸಾಲೈನ ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟ್‌ನಲ್ಲಿ ಸಂದರ್ಶನ. ಎರಡೂ ಬೇರೆ ಬೇರೆ ಜಾಗ, ಆಟೋದವರಿಗೆ ಸರಿಯಾಗಿ ಹೇಳಿ. ಕಾನ್ಸುಲೇಟ್ ಒಳಗೆ ಫೋನ್ ಬಿಡುವುದಿಲ್ಲ, ಬ್ಯಾಗೂ ಬೇಡ. ಜೊತೆಗೆ ಅಪ್ಪನೋ ಅಣ್ಣನೋ ಬಂದರೆ ಫೋನ್ ಅವರ ಕೈಗೆ ಕೊಟ್ಟು, ಎಲ್ಲಿ ಸೇರೋಣ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಫೋನ್ ಇಲ್ಲದೆ ಆ ರಸ್ತೆಯಲ್ಲಿ ಒಬ್ಬರನ್ನೊಬ್ಬರು ಹುಡುಕುವುದು ಸಂದರ್ಶನಕ್ಕಿಂತ ಕಷ್ಟ!

ಒಳಗೆ ಕ್ಯೂ, ಚೆಕಿಂಗ್, ಮತ್ತೆ ಕ್ಯೂ. ಗಾಜಿನ ಆ ಕಡೆ ಅಧಿಕಾರಿ ಕೂತಿರುತ್ತಾರೆ, ಈ ಕಡೆ ನೀವು ನಿಂತಿರುತ್ತೀರಿ, ಮಾತೆಲ್ಲ ಮೈಕ್‌ನಲ್ಲಿ. ಮುಂದೆ ನಿಂತವರ ಉತ್ತರ ನಿಮಗೂ ಕೇಳಿಸುತ್ತದೆ. ನನ್ನ ಮುಂದಿದ್ದ ಹುಡುಗಿಗೆ ಗಂಡನ ಸಂಬಳ ಕೇಳಿದರು, ಅವಳು ಹಿಂದೆ ತಿರುಗಿ ನಮ್ಮನ್ನೆಲ್ಲ ನೋಡಿ ಮೆಲ್ಲಗೆ ಹೇಳಿದಳು, ಮೈಕ್‌ನಲ್ಲಿ ಕೇಳಿಸಲಿಲ್ಲ, ಜೋರಾಗಿ ಹೇಳಿ ಅಂದರು. ಪಾಪ, ಇಡೀ ಸಾಲಿಗೆ ಗೊತ್ತಾಯಿತು. ಆದರೂ ವೀಸಾ ಆಯಿತು ಅವಳಿಗೆ.

ನನಗೆ ಕೇಳಿದ್ದು ಇಷ್ಟು. ಯಾಕೆ ಹೋಗುತ್ತಿದ್ದೀರಿ? ಮದುವೆ ಯಾವಾಗ, ಎಲ್ಲಿ ಆಯಿತು? ಇಬ್ಬರಿಗೂ ಪರಿಚಯ ಹೇಗೆ? ಗಂಡ ಯಾವ ಕಂಪನಿ, ಏನು ಕೆಲಸ? ಎಷ್ಟು ವರ್ಷದಿಂದ ಅಲ್ಲಿದ್ದಾರೆ? ನೀವು ಈಗ ಏನು ಮಾಡುತ್ತಿದ್ದೀರಿ? ಪರಿಚಯದ ಪ್ರಶ್ನೆಗೆ ನಾನು, ನಮ್ಮ ಸೋದರಮಾವ ಜಾತಕ ತಂದರು, ಎರಡೂ ಮನೆಯವರು ಒಪ್ಪಿದರು, ಆಮೇಲೆ ನಾವಿಬ್ಬರೂ ವಿಡಿಯೋ ಕಾಲ್‌ನಲ್ಲಿ ಮಾತಾಡಿಕೊಂಡೆವು ಅಂತ ಹೇಳಿದೆ. ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ನಿಮ್ಮ ಕಥೆಯನ್ನೂ ಹೀಗೇ ಇದ್ದದ್ದು ಇದ್ದ ಹಾಗೆ ಹೇಳಿ. ಪ್ರೀತಿಸಿ ಮದುವೆಯಾದ ಹಾಗೆ ಬಣ್ಣ ಹಚ್ಚಬೇಡಿ.

ಆಲ್ಬಂ ಬೇಡ ಅಂತ ಅತ್ತೆಗೆ ನಯವಾಗಿ ಹೇಳಿ. ಧಾರೆ, ಮಾಂಗಲ್ಯಧಾರಣೆ, ಎರಡೂ ಮನೆಯವರು ಒಟ್ಟಿಗಿರುವುದು, ಮದುವೆಯ ಮುಂಚೆ ಅಥವಾ ಆಮೇಲೆ ನೀವಿಬ್ಬರೇ ಸುಮ್ನೆ ತೆಗೆಸಿಕೊಂಡದ್ದು, ಇಂಥ ಕೆಲವು ಫೋಟೋ ಪ್ರಿಂಟ್ ಹಾಕಿಸಿ. ಜೊತೆಗೆ ಲಗ್ನಪತ್ರಿಕೆ ಒಂದು. ನನ್ನವನ್ನು ತೆರೆದೂ ನೋಡಲಿಲ್ಲ, ನನ್ನ ಗೆಳತಿಯದನ್ನು ಒಂದೊಂದೇ ತೋರಿಸಿ ಇವರು ಯಾರು ಅಂತ ಕೇಳಿದರು. ಗಂಡನ ಕಡೆಯವರ ಹೆಸರು, ಸಂಬಂಧ ಒಮ್ಮೆ ಅತ್ತೆಯ ಹತ್ತಿರವೇ ಕೇಳಿಕೊಳ್ಳಿ, ಅವರಿಗೂ ಖುಷಿಯಾಗುತ್ತದೆ.

ನ್ಯೂಜೆರ್ಸಿಯಿಂದ, ಹೆಂಡತಿಯನ್ನು ಕರೆಸಿಕೊಂಡವರು:

ಮೇಲೆ ಅಕ್ಕ ಹೇಳಿದ ಕಾಗದದ ಕೆಲಸ ನಿಮ್ಮ ಯಜಮಾನರದ್ದು. ಅವರಿಂದ ಇವು ಬರಬೇಕು. ಐ-797 ಪ್ರತಿ, ಈಚಿನ ಕೆಲವು ತಿಂಗಳ ಪೇಸ್ಲಿಪ್, ಹುದ್ದೆ ಮತ್ತು ಸಂಬಳ ಬರೆದ ಕಂಪನಿಯ ಪತ್ರ, ಡಬ್ಲ್ಯೂ-2 (ವರ್ಷದ ಸಂಬಳ, ಕಡಿತವಾದ ತೆರಿಗೆಯ ಪತ್ರ) ಮತ್ತು ಟ್ಯಾಕ್ಸ್ ರಿಟರ್ನ್, ಅವರ ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ. ನಡುವೆ ಕಂಪನಿ ಬದಲಾಯಿಸಿದ್ದರೆ ಹೊಸ ಕಂಪನಿಯ ಐ-797 ಕೊಡಿ, ಹಳೆಯದನ್ನು ಮೇಲಿಡಬೇಡಿ. ಅವರು ಒಂದು ಕಂಪನಿಯ ಸಂಬಳದಲ್ಲಿದ್ದು ಬೇರೆ ಕಂಪನಿಯಲ್ಲಿ ಕೂತು ಕೆಲಸ ಮಾಡುವವರಾದರೆ ಕ್ಲೈಂಟ್ ಪತ್ರವನ್ನೂ ಕೇಳಿ ತರಿಸಿ, ಅಂಥ ಫೈಲ್‌ಗಳಿಗೆ ಪ್ರಶ್ನೆ ಜಾಸ್ತಿ ಬರುತ್ತದೆ.

ಇನ್ನೊಂದು, ಗಂಡಸರು ಇದನ್ನು ಮಾಡುವುದೇ ಇಲ್ಲ. ನಿಮ್ಮ ಕೆಲಸ ಏನು ಅಂತ ಹೆಂಡತಿಗೆ ಅರ್ಥವಾಗುವ ಹಾಗೆ ಹೇಳಿಕೊಡಿ ಸ್ವಾಮಿ! 'ಸಾಫ್ಟ್‌ವೇರ್ ಇಂಜಿನಿಯರ್' ಅಂದಾಗ ನಮ್ಮವಳಿಗೆ 'ಅಂದರೆ ಏನು ಮಾಡುತ್ತಾರೆ?' ಅಂತ ಮತ್ತೆ ಕೇಳಿದರು. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಾರೆ ಅಂದಳು. ಅಷ್ಟೇ ಸಾಕಾಯಿತು. ಉದ್ದದ ಟೆಕ್ನಿಕಲ್ ಮಾತು ಬಾಯಿಪಾಠ ಮಾಡಿಸಿದರೆ ಒಪ್ಪಿಸಿದ ಹಾಗೆ ಕೇಳಿಸುತ್ತದೆ.

ಹಾಸನದಿಂದ:

ಹೆಸರಿನ ವಿಷಯ ನಾನು ಹೇಳುತ್ತೇನೆ, ಅದರಲ್ಲೇ ಒದ್ದಾಡಿದವಳು. ಗಂಡನ ಹೆಸರು ಸೇರಿಸಬೇಕು ಅಂತ ಯಾವ ನಿಯಮವೂ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದೇ ಹೆಸರು ಫಾರ್ಮ್‌ನಲ್ಲಿ, ಅದೇ ಹೆಸರು ವೀಸಾದಲ್ಲಿ. ಈಗ ಬದಲಾಯಿಸಲು ಹೋದರೆ ಪಾಸ್‌ಪೋರ್ಟ್ ಆಫೀಸ್ ಸುತ್ತಬೇಕು, ಸ್ಲಾಟ್ ಕೈತಪ್ಪಿದರೂ ತಪ್ಪಿತು.

ನಮ್ಮ ಕಡೆ ಹಳೆಯ ಪಾಸ್‌ಪೋರ್ಟ್‌ಗಳಲ್ಲಿ ಇನ್ನೊಂದು ತೊಡಕಿದೆ. ಸರ್‌ನೇಮ್ ಜಾಗ ಖಾಲಿ, ಹೆಸರೆಲ್ಲ ಗಿವನ್ ನೇಮ್‌ನಲ್ಲಿ. ಹಾಗಿದ್ದರೆ ಡಿಎಸ್-160ನಲ್ಲಿ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಗಿವನ್ ನೇಮ್‌ನಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಇಂಗ್ಲಿಷ್ ಚಿಕ್ಕ ರೂಪ) ಅಂತ ಬರೆಯಬೇಕು. ಮುಂದೆ ಅಮೆರಿಕದಲ್ಲಿ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ಅದೇ ಅಂಟಿಕೊಳ್ಳುತ್ತದೆ, ಎಫ್‌ಎನ್‌ಯು ಮೇಡಂ ಅಂತ ಕರೆಸಿಕೊಂಡವರು ಎಷ್ಟೋ ಜನ ಇದ್ದಾರೆ. ಇನ್ನೂ ಪಾಸ್‌ಪೋರ್ಟ್ ಮಾಡಿಸದ ಹುಡುಗಿಯರು ಇದನ್ನು ಓದುತ್ತಿದ್ದರೆ ಇನಿಷಿಯಲ್ ಅನ್ನು ಪೂರ್ತಿ ಹೆಸರಾಗಿ ಬರೆಸಿ ಎರಡೂ ಜಾಗ ತುಂಬಿಸಿಕೊಳ್ಳಿ.

ಮ್ಯಾರೇಜ್ ಸರ್ಟಿಫಿಕೇಟ್ ಸಬ್ ರಿಜಿಸ್ಟ್ರಾರ್ ಆಫೀಸಿನದ್ದೇ ಆಗಬೇಕು. ಛತ್ರದ ರಸೀದಿ, ದೇವಸ್ಥಾನದ ಪತ್ರ ಅದರ ಬದಲಿಗೆ ನಡೆಯುವುದಿಲ್ಲ. ಹುಡುಗ ರಜೆಯ ಮೇಲೆ ಬಂದಿರುವಾಗಲೇ, ಧಾರೆ ಮುಗಿದ ವಾರದಲ್ಲೇ ರಿಜಿಸ್ಟರ್ ಮಾಡಿಸಿಬಿಡಬೇಕು. ಬೀಗರೂಟ ಒಂದು ದಿನ ಮುಂದಕ್ಕೆ ಹೋದರೆ ಏನೂ ಆಗಲ್ಲ. ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಇಂಗ್ಲಿಷ್ ಅಕ್ಷರ ಒಂದೊಂದೇ ಪಾಸ್‌ಪೋರ್ಟ್ ಜೊತೆ ಹೋಲಿಸಿ. ನನ್ನ ಹೆಸರಿನಲ್ಲಿ ಒಂದು 'ಎಚ್' ಬಿಟ್ಟುಹೋಗಿತ್ತು, ಅಲ್ಲೇ ನೋಡಿದ್ದಕ್ಕೆ ಹೊಸದಾಗಿ ಬರೆದುಕೊಟ್ಟರು.

ಮೈಸೂರಿನಿಂದ:

ಸೋಶಿಯಲ್ ಮೀಡಿಯಾ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹೌದು, ನಿಜ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಆನ್‌ಲೈನ್ ಖಾತೆಗಳನ್ನೂ ನೋಡುತ್ತಾರೆ, ಎಲ್ಲವನ್ನೂ ಪಬ್ಲಿಕ್ ಮಾಡಿ ಅಂತ ಸೂಚನೆ ಬಂದಿದೆ. ಡಿಎಸ್-160ನಲ್ಲಿ ಹಿಂದಿನ ಐದು ವರ್ಷ ಬಳಸಿದ ಖಾತೆಗಳ ಹೆಸರು ಕೇಳುವುದು ಅದಕ್ಕೂ ಮೊದಲಿನಿಂದ ಇದೆ. ಕಾಲೇಜಿನಲ್ಲಿದ್ದಾಗ ಮಾಡಿ ಮರೆತುಬಿಟ್ಟ ಖಾತೆ ಇದ್ದರೆ ಹುಡುಕಿ ಬರೆಯಿರಿ. ಭಯಪಟ್ಟು ಎಲ್ಲ ಡಿಲೀಟ್ ಮಾಡುವುದು ಬೇಡ, ಬಚ್ಚಿಟ್ಟ ಹಾಗೆ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಪ್ರೊಫೈಲ್ ಹೀಗೆ ಊರಿಗೆಲ್ಲ ತೆರೆದಿಡುವುದು ಇಷ್ಟವಾಗಲ್ಲ, ನನಗೂ ಆಗಲಿಲ್ಲ, ಆದರೆ ಬೇರೆ ದಾರಿ ಇಲ್ಲ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಮತ್ತೆ ಲಾಕ್ ಮಾಡಿಕೊಂಡೆ.

ಆ ನಿಯಮ ಬಂದಾಗ ಬಹಳ ಜನರ ಸಂದರ್ಶನ 2026ಕ್ಕೆ ಮುಂದೆ ಹೋಯಿತು. ಅದಕ್ಕೇ ಹೇಳುವುದು, ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಬೇಡ, ಇಲ್ಲಿನ ಕೆಲಸಕ್ಕೆ ರಾಜೀನಾಮೆಯೂ ಬೇಡ. ಮೇಲ್ ದಿನಾ ನೋಡುತ್ತಿರಿ, ದಿನಾಂಕ ಬದಲಾದರೆ ಅದಕ್ಕೇ ಬರುತ್ತದೆ. ಮೊದಲು ಮಕ್ಕಳಿಗೆ ಸಂದರ್ಶನ ಇಲ್ಲದೆ ಡ್ರಾಪ್‌ಬಾಕ್ಸ್‌ನಲ್ಲೇ ಆಗುತ್ತಿತ್ತು, 2025ರ ಸೆಪ್ಟೆಂಬರ್ 2ರಿಂದ 14 ವರ್ಷದೊಳಗಿನವರೂ ಸಾಮಾನ್ಯವಾಗಿ ಬರಬೇಕು. ಮಗು ಇರುವವರು ಹಳೆಯ ಸಲಹೆ ಓದಿಕೊಂಡು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಹುಬ್ಬಳ್ಳಿಯಿಂದ:

ನನಗೆ ಮೊದಲ ಸಲಕ್ಕೆ ಆಗಲಿಲ್ಲ. 221 ಜಿ ಅಂತ, ಅಂದರೆ ಸದ್ಯಕ್ಕೆ ವೀಸಾ ತಡೆಹಿಡಿದಿದೆ ಅನ್ನುವ ಚೀಟಿ ಕೊಟ್ಟರು. ಯಜಮಾನರ ಕಂಪನಿಯ ಬಗ್ಗೆ ಇನ್ನಷ್ಟು ಕಾಗದ ಬೇಕು ಅಂತ ಅದರಲ್ಲಿತ್ತು. ಹೊರಗೆ ಬಂದು ಅತ್ತುಬಿಟ್ಟೆ, ಅಪ್ಪನಿಗೆ ಏನು ಹೇಳಲಿ ಅಂತ. ಆದರೆ ಅದು ಕೊನೆಯ ಮಾತಲ್ಲ ತಂಗಿ. ಚೀಟಿಯಲ್ಲಿ ಏನು ಬೇಕು, ಹೇಗೆ ಕಳಿಸಬೇಕು ಅಂತ ಬರೆದಿರುತ್ತದೆ, ಅಷ್ಟನ್ನೇ ಕಳಿಸಬೇಕು. ಆನ್‌ಲೈನ್‌ನಲ್ಲಿ ಸ್ಟೇಟಸ್ ನೋಡಿದರೆ 'ರೆಫ್ಯೂಸ್ಡ್' ಅಂತ ತೋರಿಸುತ್ತದೆ, ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ, 221 ಜಿ ನಡೆಯುತ್ತಿರುವಾಗಲೂ ಹಾಗೇ ಕಾಣುವುದು. ನನಗೆ ಕಾಗದ ಕಳಿಸಿದ ಮೇಲೆ ಸ್ವಲ್ಪ ಕಾಯಬೇಕಾಯಿತು, ಮತ್ತೆ ಸಂದರ್ಶನ ಇಲ್ಲದೆ ವೀಸಾ ಬಂತು. ಆ ಕಾಯುವ ಹೊತ್ತಿನಲ್ಲಿ 'ಇನ್ನೂ ಹೋಗಲಿಲ್ಲವಾ' ಅಂತ ಓಣಿಯವರೆಲ್ಲ ಕೇಳುತ್ತಾರೆ ನೋಡಿ, ಅದಕ್ಕೆ ಮಾತ್ರ ಯಾವ ಫಾರ್ಮೂ ಇಲ್ಲ.

ಏಜೆಂಟ್ ಬಗ್ಗೆಯೂ ಒಂದು ಮಾತು. ಪ್ರಶ್ನೆ-ಉತ್ತರ ಬರೆದುಕೊಟ್ಟು ದುಡ್ಡು ತಗೊಳ್ಳುವವರು ಇದ್ದಾರೆ. ಫಾರ್ಮ್ ತುಂಬಲು ಸಹಾಯ ತಗೊಳ್ಳಿ, ತಪ್ಪಿಲ್ಲ, ಯಾರು ಸಹಾಯ ಮಾಡಿದರು ಅಂತ ಡಿಎಸ್-160 ಕೊನೆಯಲ್ಲಿ ಕೇಳುತ್ತದೆ, ಅಲ್ಲಿ ಅವರ ಹೆಸರು ಹಾಕಿ. ಆದರೆ ಉತ್ತರ ಕೊಂಡುಕೊಳ್ಳಬೇಡಿ. ನಿಮ್ಮ ಮದುವೆ ನಿಮಗೆ ಗೊತ್ತಿಲ್ಲವಾ?

ಉಡುಪಿಯಿಂದ, ಹಿರಿಯರೊಬ್ಬರು:

ನೋಡಮ್ಮಾ, ಇಂಗ್ಲಿಷ್ ಬಗ್ಗೆ ಎಲ್ಲರೂ ಬಿಟ್ಟೇಬಿಟ್ಟರು. ನನ್ನ ಸೊಸೆ ಕನ್ನಡದಲ್ಲೇ ಮಾತಾಡಿದಳು. ಕೌಂಟರ್‌ಗೆ ಹೋದಾಗ ಕನ್ನಡ ಬೇಕು ಅಂತ ಕೇಳಿದಳು, ಅನುವಾದ ಮಾಡುವವರೊಬ್ಬರು ಬಂದು ಪಕ್ಕದಲ್ಲಿ ನಿಂತರು. ಎಚ್-4ಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಅರ್ಧ ಅರ್ಥವಾದ ಪ್ರಶ್ನೆಗೆ ಇಂಗ್ಲಿಷಿನಲ್ಲಿ 'ಎಸ್ ಎಸ್' ಅನ್ನುವುದಕ್ಕಿಂತ ಕನ್ನಡದಲ್ಲಿ ನೆಟ್ಟಗೆ ಹೇಳುವುದು ವಾಸಿ. ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಅನ್ನು, ಯಾರೂ ಬೈಯುವುದಿಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್ಟಿಫಿಕೇಟ್ ತೆಗೆದು ನೋಡಿದೆ, ಹೆಸರು ಸರಿಯಾಗೇ ಇದೆ. ಇನ್ನೆರಡು ಕೇಳಿಬಿಡುತ್ತೇನೆ. ಅಲ್ಲಿಗೆ ಹೋದ ಮೇಲೆ ಕೆಲಸ ಮಾಡುತ್ತೀರಾ ಅಂತ ಕೇಳಿದರೆ ಏನು ಹೇಳಲಿ? ಮತ್ತೆ, ನಗಬೇಡಿ, ಸೀರೆ ಉಡಬೇಕಾ?

ನ್ಯೂಜೆರ್ಸಿಯಿಂದ:

ಎಚ್-4ನಲ್ಲಿ ಸುಮ್ನೆ ಕೆಲಸಕ್ಕೆ ಸೇರುವ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 (ಅವರ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿದ್ದರೆ, ಅಥವಾ ಅದೇ ಪ್ರಕ್ರಿಯೆ ಮೇಲೆ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿದ್ದರೆ, ನೀವು ಇಎಡಿಗೆ, ಅಂದರೆ ಕೆಲಸದ ಪರವಾನಗಿ ಕಾರ್ಡಿಗೆ, ಅರ್ಜಿ ಹಾಕಬಹುದು. 2015ರಿಂದ ಈ ಅವಕಾಶ ಇದೆ. ಆ ಕಾರ್ಡ್ ಬಂದ ಮೇಲೆಯೇ ಕೆಲಸ. ನಿಮ್ಮ ಯಜಮಾನರದ್ದು ಯಾವ ಹಂತದಲ್ಲಿದೆ ಅಂತ ಇವತ್ತೇ ಕೇಳಿಕೊಳ್ಳಿ. ಇಲ್ಲ ಅಂದರೆ ಇಲ್ಲ ಅನ್ನಿ. ಓದುವ ಆಸೆ ಇದ್ದರೆ ಅದನ್ನೂ ಹೇಳಬಹುದು, ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ.

ಬೆಂಗಳೂರಿನಿಂದ:

ಸೀರೆ ಉಡುವುದೇ ರೂಢಿ ಇದ್ದರೆ ಉಡಿ, ಇಲ್ಲದಿದ್ದರೆ ಚೂಡಿದಾರ್ ಸಾಕು. ಚೆನ್ನೈ ಸೆಖೆಯಲ್ಲಿ ಕ್ಯೂ ನಿಲ್ಲಬೇಕು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಂಡು ಬಟ್ಟೆ ಆರಿಸಿ. ತಾಳಿ, ಕಾಲುಂಗುರ ಇರುವಷ್ಟು ಇರಲಿ, ಒಡವೆ ಜಾಸ್ತಿ ಹಾಕಿದರೆ ಚೆಕಿಂಗ್‌ನಲ್ಲಿ ತೆಗಿ, ಹಾಕು ಅಂತ ತಡವಾಗುತ್ತದೆ. ಫೋಟೋ ಕೊಡುವುದಾದರೆ ಎರಡಿಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ತೆಗೆದು. ಮಾಂಗಲ್ಯದ ಬಗ್ಗೆ ಯಾರೂ ಏನೂ ಕೇಳಲ್ಲ. ಮೆಹಂದಿ ಮಾತ್ರ ಆ ವಾರ ಹಾಕಿಸಿಕೊಳ್ಳಬೇಡಿ, ಬೆರಳ ತುದಿಯಲ್ಲಿ ಗಾಢವಾಗಿದ್ದರೆ ಸ್ಕ್ಯಾನರ್ ಕಿರಿಕಿರಿ ಮಾಡಬಹುದು.